ಸೀರಿಯಲ್ ಪೋರ್ಟಿನಿಂದ ಡೇಟಾ ಪೂರ್ತಿ ಹೋಯ್ತಾ ಅಂತ ಪೈಥಾನ್‌ನಲ್ಲಿ ತಿಳಿಯೋದು ಹೇಗೆ?

ರೋಬಸ್ಟಾ ಸಿದ್ದಾಪುರ:
ಸ್ಪ್ರಿಂಕ್ಲರ್ ನೀರು ಎಷ್ಟು ಆಳಕ್ಕೆ ಇಳಿಯುತ್ತದೆ ಅಂತ ನೋಡೋಕೆ ಕಾಫಿ ಗಿಡದ ಬುಡದಲ್ಲಿ ಒಂದು ಮಾಡ್‌ಬಸ್ (ಕೇಳಿದಾಗ ಮಾತ್ರ ತಂತಿಯಲ್ಲಿ ಉತ್ತರ ಕೊಡೋ ಸಂವಹನ ಪದ್ಧತಿ) ಸೆನ್ಸರ್ ಹೂತಿದ್ದೇನೆ. ಪಂಪ್ ಹೌಸಲ್ಲಿ ಹಳೇ ಐಸ್‌ಕ್ರೀಂ ಡಬ್ಬಿ, ಅದರೊಳಗೆ ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, ಅದನ್ನು ಸೆನ್ಸರ್ ತಂತಿಗೆ ಜೋಡಿಸೋ ಮ್ಯಾಕ್ಸ್‌485 ಬೋರ್ಡ್. ವೇಗ ಸೆಕೆಂಡಿಗೆ 9600 ಬಿಟ್. ಬೋರ್ಡಿನ ಡಿಇ ಪಿನ್ ಮೇಲಿದ್ದರೆ ಕಳಿಸೋದು, ಇಳಿದರೆ ಕೇಳೋದು. ಅದನ್ನು ಮೇಲೆತ್ತಿ, ರೈಟ್ ಮಾಡಿ, ಪಿನ್ ಇಳಿಸುತ್ತೇನೆ. ರೈಟ್ ಪ್ರತಿ ಸಲ 8 ಅಂತ ಹೇಳುತ್ತದೆ, 8 ಬೈಟೂ ಹೋಯ್ತು ಅನ್ನೋ ಹಾಗೆ. ಸೆನ್ಸರ್ ಮಾತ್ರ ಉಸಿರೆತ್ತಲ್ಲ. ನಡುವೆ 50 ಮಿಲಿಸೆಕೆಂಡ್ ಸ್ಲೀಪ್ ಹಾಕಿದರೆ ಉತ್ತರದ ತಲೆಯೇ ಹಾರಿಹೋಗಿರುತ್ತದೆ. ಇನ್ನೂ ಹೋಗದೆ ಉಳಿದ ಬೈಟ್ ಎಷ್ಟು ಅಂತ ಹೇಳೋ ಔಟ್ ವೇಟಿಂಗ್ ನೋಡಿದೆ, ಆಗಲೇ ಸೊನ್ನೆ!

ಮಡಿಕೇರಿ ಮಂಜು:
ರೈಟ್ ಹೇಳೋ 8, ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಕೈಗೆ ಕೊಟ್ಟಾಯ್ತು ಅಂತ ಅಷ್ಟೇ. ಪತ್ರವನ್ನು ಡಬ್ಬಿಗೆ ಹಾಕಿದ ಹಾಗೆ. ಔಟ್ ವೇಟಿಂಗ್ ಕೂಡ ಡ್ರೈವರ್ ಬಫರ್ ಮಾತ್ರ ಎಣಿಸುತ್ತದೆ. ಬೈಟುಗಳನ್ನು ತಂತಿಗೆ ಬಿಡೋ ಯುಆರ್ಟ್ ಚಿಪ್ಪಿಗೆ ತನ್ನದೇ ಸಣ್ಣ ಫಿಫೋ (ಸರದಿ ಸಾಲು) ಇದೆ, ನಿಮ್ಮ 8 ಬೈಟ್ ಪೂರ್ತಿ ಅದರಲ್ಲೇ ಕೂತಿರುತ್ತದೆ. ನೀವು ಪಿನ್ ಇಳಿಸಿದಾಗ ಕೊನೆಯ ಸಿಆರ್‌ಸಿ (ತಪ್ಪು ಹಿಡಿಯೋ ತಾಳೆ ಬೈಟುಗಳು) ಎಲ್ಲಿ ಹೋಗಬೇಕು? ರೈಟ್ ಆದಮೇಲೆ ಫ್ಲಶ್ ಕರೆಯಿರಿ. ಲಿನಕ್ಸಲ್ಲಿ ಅದು ಒಳಗೆ ಟಿಸಿಡ್ರೇನ್ ಕರೆದು ಎಲ್ಲ ಹೋಗೋವರೆಗೂ ಕಾಯುತ್ತದೆ.

ರೋಬಸ್ಟಾ ಸಿದ್ದಾಪುರ:
ಫ್ಲಶ್ ಹಾಕಿದೆ, ಸೆನ್ಸರ್ ಬಾಯಿ ಬಿಟ್ಟಿತು! ಆದರೆ 100 ಸಲ ಕೇಳಿದರೆ ಏಳೆಂಟು ಸಲ ಉತ್ತರದ ಮೊದಲ ಬೈಟ್ ಇರಲ್ಲ.

ಹಳೇ ವೈರ್:
ಫ್ಲಶ್ ಕೆಲವೊಮ್ಮೆ ತಡವಾಗಿ ಎದ್ದು ಬರುತ್ತದೆ. ಲೆಕ್ಕ ಹಾಕಿ ನೋಡಿ. ಸ್ಟಾರ್ಟ್, ಸ್ಟಾಪ್ ಸೇರಿ ಒಂದು ಬೈಟಿಗೆ 10 ಬಿಟ್. 8 ಬೈಟಿಗೆ ಸುಮಾರು 8.3 ಮಿಲಿಸೆಕೆಂಡ್. ಆಮೇಲೆ ಮಾಡ್‌ಬಸ್ ನಿಯಮದ ಪ್ರಕಾರ ಸೆನ್ಸರ್ ಮೂರೂವರೆ ಬೈಟ್ ಕಳಿಸುವಷ್ಟು ಹೊತ್ತು ಸುಮ್ನಿರಬೇಕು, ಅಂದರೆ 4 ಮಿಲಿಸೆಕೆಂಡೂ ಇಲ್ಲ. ಅಷ್ಟರೊಳಗೆ ಪಿನ್ ಇಳೀಬೇಕು. ಪೈ ಬೇರೆ ಕೆಲಸದಲ್ಲಿದ್ದರೆ ಪೈಥಾನ್ ತಪ್ಪಿಸಿಕೊಳ್ಳುತ್ತದೆ. ನನ್ನ ಕೇಳಿದರೆ, ದಿಕ್ಕು ತಾನೇ ಬದಲಿಸೋ 485 ಬೋರ್ಡ್ ಹಾಕಿ. ಡಿಇ ಪಿನ್ನಿನ ತಂಟೆಯೇ ಬೇಡ.

ರೋಬಸ್ಟಾ ಸಿದ್ದಾಪುರ:
ಬೋರ್ಡಿಗೆ ಮೈಸೂರಿಗೆ ಹೋಗುವವರ ಹತ್ತಿರ ಹೇಳಿದ್ದೇನೆ. ಅಲ್ಲಿವರೆಗೆ ಫ್ಲಶ್ ಇರಲಿ, ಸಿಆರ್‌ಸಿ ತಪ್ಪಿದರೆ ಇನ್ನೊಮ್ಮೆ ಕೇಳೋ ಹಾಗೆ ಮಾಡಿದ್ದೇನೆ. ನಿನ್ನೆ ಸಂಜೆ ಇಲ್ಲಿ 90 ಸೆಂಟ್ (ಇಂಚಿಗೆ 100 ಸೆಂಟ್) ಮಳೆ ಹೊಡೀತು. ಸ್ಪ್ರಿಂಕ್ಲರ್ ಪೈಪ್ ಎಲ್ಲ ಎಳೆದು ಮುಗಿಸಿದ ಮಾರನೇ ದಿನವೇ!