‘ರಸ್ಟಿಕೇಟ್’ ಮಾಡುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? (ತುರ್ತು)

ಬಳಗದವರಿಗೆ ನಮಸ್ಕಾರ. ಹತ್ತೊಂಬತ್ತನೆಯ ಶತಮಾನದ ಹಾರ್ವರ್ಡ್ ವಿದ್ಯಾರ್ಥಿಗಳನ್ನು ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಒಂದು ಕ್ರಿಯಾಪದದ ಬಳಿ ನಿಂತುಬಿಟ್ಟಿದ್ದೇನೆ.

1838ರಲ್ಲಿ ಕೊನೆಯ ವರ್ಷದವರು ತಮ್ಮ ‘ಕ್ಲಾಸ್ ಡೇ’ಗೆ (ಓದು ಮುಗಿಸಿ ಹೊರಡುವವರ ಹಬ್ಬದ ದಿನಕ್ಕೆ) ಜೇಮ್ಸ್ ರಸೆಲ್ ಲೋವೆಲ್‌ನನ್ನು, ಮುಂದೆ ಅಮೆರಿಕದ ಹೆಸರಾಂತ ಕವಿಯಾದವನನ್ನು, ಕವಿಯಾಗಿ ಆರಿಸಿದ್ದರು. ಕಾಲೇಜಿನ ಕೆಲಸವನ್ನು ಸತತವಾಗಿ ಕಡೆಗಣಿಸಿದನೆಂದು ಅಧ್ಯಾಪಕರು ಅವನನ್ನು ಕಾಂಕರ್ಡ್ ಊರಿಗೆ ‘ರಸ್ಟಿಕೇಟ್’ ಮಾಡಿದರು. ಅಲ್ಲಿ ಪಾದ್ರಿ ಬಾರ್ಜಿಲೈ ಫ್ರಾಸ್ಟ್ ಬಳಿ ಓದಬೇಕು, ಪದವಿ ಪ್ರದಾನದ ಹಿಂದಿನ ಶನಿವಾರದವರೆಗೆ ಮರಳಕೂಡದು. ಗೆಳೆಯರ ಹಬ್ಬದ ದಿನ ಕವಿಯೇ ಇಲ್ಲ; ಕವಿತೆ ಅಚ್ಚಿನಲ್ಲಿ ಬಂತು. ಪದವಿ ಮಾತ್ರ ಅದೇ ವರ್ಷ ಸಿಕ್ಕಿತು.

ನಮ್ಮಲ್ಲಿ ‘ರಸ್ಟಿಕೇಟ್’ ಎಂದರೆ ಕಾಲೇಜಿನಿಂದ ತೆಗೆದುಹಾಕಿದರು ಎಂದೇ ಅರ್ಥ. ‘ಉಚ್ಚಾಟನೆ’ ಎಂದು ಬರೆದರೆ ಪದವಿ ಹೇಗೆ ಬಂತೆಂದು ಓದುಗರು ಕೇಳುತ್ತಾರೆ.

ಉತ್ತರ 1:
‘ಅಮಾನತು’. ಇದರಲ್ಲಿ ಚರ್ಚೆಗೇನಿದೆ?

ಉತ್ತರ 2:
ಚರ್ಚೆಗೆ ಬೇಕಾದಷ್ಟಿದೆ. ‘ಅಮಾನತು’ ಅರಬ್ಬಿಯಿಂದ ಬಂದದ್ದು. ಒಂದು ಎರವಲನ್ನು ಕಳೆಯಲು ಇನ್ನೊಂದು ಎರವಲೇ? ಲ್ಯಾಟಿನ್ನಿನ ‘ರೂಸ್’ ಎಂದರೆ ಹಳ್ಳಿಗಾಡು. ಮೂಲಪದದ ಜೀವ ಇರುವುದೇ ಅಲ್ಲಿ. ಹಳ್ಳಿ ನಮ್ಮದು, ಅಟ್ಟು ನಮ್ಮದು. ಹಳಗನ್ನಡದಲ್ಲಿ ದೂತರನ್ನು ಅಟ್ಟುತ್ತಿದ್ದರು. ‘ಹಳ್ಳಿಗಟ್ಟು’ (ಹಳ್ಳಿಗೆ + ಅಟ್ಟು) ಎನ್ನಿ.

ಉತ್ತರ 3:
‘ಹಳ್ಳಿಗಟ್ಟು’ ಎಂಬುದನ್ನು ಓದುಗ ‘ಹಳ್ಳಿ + ಕಟ್ಟು’ ಎಂದೇ ಬಿಡಿಸುತ್ತಾನೆ. ಲೋಪಸಂಧಿಯನ್ನು ಆದೇಶಸಂಧಿಯಾಗಿ ಓದಿ, ಲೋವೆಲ್ ಹಳ್ಳಿ ಕಟ್ಟಲು ಹೋದನೆಂದುಕೊಳ್ಳುತ್ತಾನೆ. ಸಂಧಿಯಲ್ಲೇ ಸೋತ ಪದ ಅಚ್ಚಿಗೆ ಬೇಡ.

ಸರ್, ‘ಅಮಾನತು’ ಪದದ ಹಳೆಯ ಅರ್ಥವನ್ನೂ ನೋಡಿ: ನಂಬಿ ಒಪ್ಪಿಸಿದ್ದು, ಇನ್ನೊಬ್ಬರ ಬಳಿ ಇಟ್ಟ ಠೇವಣಿ. ಹುಡುಗನನ್ನು ಪಾದ್ರಿಯ ವಶಕ್ಕೆ ಕೊಟ್ಟು, ಗೊತ್ತಾದ ಶನಿವಾರ ವಾಪಸು ಪಡೆದರಲ್ಲ, ಅದು ಅಕ್ಷರಶಃ ಅಮಾನತೇ. ಇಷ್ಟು ಚೆನ್ನಾಗಿ ಕೂರುವ ಪದವನ್ನು ಹುಟ್ಟೂರು ಕೇಳಿ ಹೊರಗಟ್ಟುವುದು ನನಗೆ ಒಪ್ಪಿಗೆಯಿಲ್ಲ. ಹಾಜರಿ, ರಜೆ, ಅರ್ಜಿ, ದಾಖಲೆ ಎಲ್ಲವೂ ಅದೇ ದಾರಿಯಲ್ಲಿ ಬಂದವು. ಕನ್ನಡದ ಮಕ್ಕಳು ಶಾಲೆಗೆ ಕಾಲಿಟ್ಟ ದಿನದಿಂದ ಇವನ್ನೇ ಆಡುತ್ತಾರೆ, ಇವು ಕನ್ನಡವೇ.

ಉತ್ತರ 2ರವರಿಂದ:
ರೂಢಿಯೆಂಬ ಒಂದೇ ನೆಪದಲ್ಲಿ ಎಷ್ಟು ಪದಗಳನ್ನು ಕಳೆದುಕೊಂಡಿದ್ದೇವೆ, ಲೆಕ್ಕ ಹಾಕಿ. ಅಟ್ಟು ಇಂದು ನಾಯಿಗೆ, ದನಕ್ಕೆ ಮಾತ್ರ ಉಳಿದಿದೆ. ನನ್ನ ಮಾತು ಬದಲಾಗದು.

ಕೇಳಿದವರಿಂದ:
ಎಲ್ಲರಿಗೂ ವಂದನೆ. ‘ಅವನನ್ನು ಅಮಾನತುಗೊಳಿಸಿ, ಪಾದ್ರಿಯ ಬಳಿ ಓದಲು ಕಾಂಕರ್ಡ್‌ಗೆ ಕಳಿಸಿದರು’ ಎಂದು ಬರೆದೆ. ‘ರೂಸ್’ ಎಂಬುದರ ಹಳ್ಳಿ ‘ಕಾಂಕರ್ಡ್‌ಗೆ’ ಎಂಬಲ್ಲಿ ಉಳಿಯಿತು ಎಂದುಕೊಂಡಿದ್ದೇನೆ. ಇನ್ನು ‘ಕ್ಲಾಸ್ ಡೇ’. ‘ಬೀಳ್ಕೊಡುಗೆ’ ಸರಿಹೋಗುತ್ತಿಲ್ಲ: ನಮ್ಮಲ್ಲಿ ಅದನ್ನು ಕಿರಿಯರು ಏರ್ಪಡಿಸುತ್ತಾರೆ, ಅಲ್ಲಿ ಹೊರಡುವವರೇ ಭಾಷಣಕಾರನನ್ನೂ ಕವಿಯನ್ನೂ ತಮ್ಮೊಳಗಿಂದ ಆರಿಸಿ ನಡೆಸುತ್ತಿದ್ದರು. ನಾಳೆ ಮಧ್ಯಾಹ್ನದೊಳಗೆ ಪದ ಸಿಕ್ಕರೆ ಸೇರಿಸಬಲ್ಲೆ.