ಮನಾಲಿಯ ಹಿಮದ ನಡುವೆ ಬಿಸಿನೀರಿನ ಸ್ನಾನ: ಅವ್ವನನ್ನು ಕರೆದುಕೊಂಡು ಹೋಗಬಹುದಾ?

ಕೇಳಿದವರು, ಕಲಬುರಗಿ

ಎಲ್ಲರಿಗೂ ಶರಣು. ಜನವರಿ ಕೊನೆಗೆ ನಾವು ಐದು ಜನ ಮನಾಲಿಗೆ ಹೊರಟಿದ್ದೇವೆ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ, ಅಲ್ಲಿಂದ ರಾತ್ರಿ ಬಸ್ಸು. ಮಕ್ಕಳಿಬ್ಬರಿಗೂ ಸೋಲಾಂಗ್ ಕಣಿವೆಯಲ್ಲಿ ಸ್ಕೀಯಿಂಗ್ ಕಲಿಯುವ ಆಸೆ. ಜೊತೆಗೆ ನಮ್ಮವ್ವ ಬರುತ್ತಾಳೆ. 62 ವರ್ಷ. ಎರಡೂ ಮೊಣಕಾಲು ನೋವು, ಬಿಪಿ ಮಾತ್ರೆ ತಗೊಳ್ತಾಳೆ. ನಾವೆಲ್ಲ ಹಿಮದಲ್ಲಿ ಆಡುವಾಗ ಅವಳು ಸುಮ್ನೆ ಕುರ್ಚಿ ಹಾಕಿಕೊಂಡು ಕೂರಬಾರದು ಅಂತ ನನ್ನ ಆಸೆ. ಅಲ್ಲಿ ಬಿಸಿನೀರಿನ ಬುಗ್ಗೆಗಳಿವೆಯಂತೆ. ಆದರೆ ಕಲಬುರಗಿ ಬಿಸಿಲಲ್ಲಿ ಬೆಳೆದ ಜೀವ, ಆ ಚಳಿಯಲ್ಲಿ ನೀರಿಗಿಳಿಯುವುದು ಅಂದರೆ ನನಗೇ ಭಯ. ಹೋಗಿ ಬಂದವರು ದಯವಿಟ್ಟು ಹೇಳಿ.

ಸೇಡಂನಿಂದ

ತಂಗೀ, ಖಂಡಿತ ಕರೆದುಕೊಂಡು ಹೋಗು. ನಾನು ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ. ಅವರಿಗೂ ಮೊಣಕಾಲಿನದೇ ತೊಂದರೆ.

ನೀವು ಹೋಗಬೇಕಾದ್ದು ವಸಿಷ್ಠ ಅನ್ನುವ ಹಳ್ಳಿಗೆ. ಮನಾಲಿ ಪೇಟೆಯಿಂದ 3 ಕಿ.ಮೀ. ಅಷ್ಟೇ, ಬಿಯಾಸ್ ನದಿಯ ಆಚೆ ದಡದಲ್ಲಿ, ಸ್ವಲ್ಪ ಎತ್ತರಕ್ಕೆ. ಅಲ್ಲಿ ವಸಿಷ್ಠ ಋಷಿಗಳ ಗುಡಿ ಇದೆ. ಗುಡಿಗೆ ಹೊಂದಿಕೊಂಡೇ ಕಲ್ಲಿನ ಹೊಂಡಗಳು, ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ. ಸುತ್ತ ಗೋಡೆ, ಮೇಲೆ ಆಕಾಶ. ದುಡ್ಡು ಕೊಡಬೇಕಾಗಿಲ್ಲ. ಹೊರಗೆ ಊರಿನ ಹೆಂಗಸರು ಅದೇ ಬಿಸಿನೀರಲ್ಲಿ ಬಟ್ಟೆ ಒಗೆಯುತ್ತಾ ಕೂತಿರುತ್ತಾರೆ. ನಮ್ಮತ್ತೆ ಅದನ್ನು ನೋಡಿ ನಿಂತುಬಿಟ್ಟರು. "ಇವರಿಗೆ ಒಲೆ ಹಚ್ಚೋ ಕೆಲಸಾನೇ ಇಲ್ಲ, ಎಂಥಾ ಪುಣ್ಯ!" ಅಂದರು.

ಮೊದಲ ದಿನ ನಾವು ತಪ್ಪು ಮಾಡಿದೆವು. ಸೋಲಾಂಗ್ ಮುಗಿಸಿ ಸಂಜೆ ಹೋದೆವು. ಎಲ್ಲರೂ ಹಾಗೇ ಬರುತ್ತಾರಲ್ವಾ, ಹೊಂಡ ತುಂಬಿತ್ತು. ನೀರಲ್ಲಿ ಇರುವಷ್ಟು ಹೊತ್ತು ಸ್ವರ್ಗ. ಹೊರಗೆ ಬಂದಾಗ ಬಿಸಿಲು ಗುಡ್ಡದ ಹಿಂದೆ ಹೋಗಿತ್ತು, ಅತ್ತೆಯ ತಲೆಗೂದಲು ಒದ್ದೆ, ಒಣ ಟವೆಲ್ ಗಾಡಿಯಲ್ಲೇ ಉಳಿದಿತ್ತು. ಗಾಡಿ ನಿಂತಿದ್ದು ದೂರ. ಆ ರಾತ್ರಿಯೆಲ್ಲ ಅವರು ನಡುಗಿದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆಮೇಲೆ ತಿಳಿಯಿತು, ಕಷ್ಟ ಇರುವುದು ನೀರಿಗೆ ಇಳಿಯುವುದರಲ್ಲಿ ಅಲ್ಲ, ಮೇಲೆ ಬರುವುದರಲ್ಲಿ.

ಒಂದು ದಿನ ಬಿಟ್ಟು ಬೆಳಿಗ್ಗೆ ಹೋದೆವು. ಜನ ಇರಲಿಲ್ಲ, ನೀರು ತಿಳಿಯಾಗಿತ್ತು. ಹಳೆಯ ನೈಟಿ ಹಾಕಿಕೊಂಡೇ ಇಳಿದರು. ಮೊದಲು ಅಂಚಿನಲ್ಲಿ ಕೂತು ಬರೀ ಪಾದ, ಆಮೇಲೆ ಮೊಣಕಾಲು, ಆಮೇಲೆ ಸೊಂಟದವರೆಗೆ. ತಲೆ ಒದ್ದೆ ಮಾಡಿಕೊಳ್ಳಲು ನಾನು ಬಿಡಲಿಲ್ಲ. ಹತ್ತು ನಿಮಿಷಕ್ಕೆ ಎಬ್ಬಿಸಿದೆ. ಟವೆಲ್, ಕಾಲುಚೀಲ, ಮಂಕಿ ಟೋಪಿ ಎಲ್ಲ ಕೈಗೆ ಸಿಗುವ ಹಾಗೆ ಒಂದೇ ಚೀಲದಲ್ಲಿ ಇಟ್ಟಿದ್ದೆ. ಆ ದಿನ ಮೆಟ್ಟಿಲಿಳಿಯುವಾಗ ಅವರು ನನ್ನ ಕೈ ಹಿಡಿಯಲೇ ಇಲ್ಲ. ಸಂಜೆಗೆ ನೋವು ಮತ್ತೆ ಬಂತು, ಅದು ಬೇರೆ ಮಾತು. ಆದರೆ ಆ ಅರ್ಧ ದಿನ ಅವರು ಹಗುರಾಗಿ ಓಡಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಲ್ಲು ಪಾಚಿಗಟ್ಟಿ ಜಾರುತ್ತದೆ, ಒಬ್ಬರು ಜೊತೆಗೆ ಇಳಿಯಲೇಬೇಕು. ಇನ್ನೊಂದು, ನೀರಲ್ಲಿ ಗಂಧಕ ಇದೆ, ಬೆಳ್ಳಿ ಕಪ್ಪಾಗುತ್ತದೆ. ಕಾಲುಂಗುರ, ಕಾಲ್ಗೆಜ್ಜೆ ರೂಮಲ್ಲೇ ಬಿಚ್ಚಿಡಿ. ನಮ್ಮತ್ತೆಯ ಲಿಂಗದ ಬೆಳ್ಳಿ ಕರಡಿಗೆ ಕಪ್ಪಾಗಿ ಅವರು ಬಹಳ ನೊಂದುಕೊಂಡರು. ವಿಭೂತಿ ಹಚ್ಚಿ ತಿಕ್ಕಿ ತಿಕ್ಕಿ ಹೊಳಪು ತಂದೆವು. ನಿಮ್ಮವ್ವ ಲಿಂಗ ಕಟ್ಟಿದವರಾದರೆ ಅವತ್ತು ಅರಿವೆಯಲ್ಲಿ ಕಟ್ಟಿಕೊಳ್ಳಲಿ.

ಬೀದರ್‌ನಿಂದ

ಅಕ್ಕಾರೆ ಹೇಳಿದ್ದು ಸರಿ. ನಾನು ಆ ಕಡೆಯ ಇನ್ನೊಂದು ಬಿಸಿನೀರಿನ ಜಾಗ, ಮಣಿಕರಣದ ಬಗ್ಗೆ ಹೇಳುತ್ತೇನೆ. ನಾವು ಬೀದರ್‌ನವರು ಗುರುನಾನಕ್ ಝೀರಾದ ತಣ್ಣನೆಯ ಸಿಹಿನೀರು ಕುಡಿದು ಬೆಳೆದವರು. ಮಣಿಕರಣದಲ್ಲೂ ಗುರುದ್ವಾರವಿದೆ, ಲಂಗರ್ ಇದೆ, ಗುರುನಾನಕರು ಬಂದಿದ್ದರು ಅನ್ನುವ ನಂಬಿಕೆಯೂ ಇದೆ. ಆದರೆ ಅಲ್ಲಿ ನೀರು ಕೊತಕೊತ ಕುದಿಯುತ್ತದೆ! ಅಕ್ಕಿಯನ್ನು ಅರಿವೆಯಲ್ಲಿ ಗಂಟು ಕಟ್ಟಿ ಬುಗ್ಗೆಗೆ ಇಳಿಬಿಟ್ಟರೆ ಅನ್ನವಾಗುತ್ತದೆ. ಲಂಗರ್‌ನ ದೊಡ್ಡ ದೊಡ್ಡ ಪಾತ್ರೆಗಳೂ ಆ ನೀರಲ್ಲೇ ಕೂತಿರುತ್ತವೆ. ಪಕ್ಕದಲ್ಲೇ ಪಾರ್ವತಿ ನದಿ ಮಂಜುಗಡ್ಡೆಯಷ್ಟು ತಣ್ಣಗೆ ಹರಿಯುತ್ತದೆ. ಅದನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ.

ಅಲ್ಲಿ ಜ್ವಾಲಾಮುಖಿ ಏನೂ ಇಲ್ಲ. ಮಳೆ ನೀರು, ಕರಗಿದ ಹಿಮದ ನೀರು ಬಂಡೆಯ ಬಿರುಕಿನಲ್ಲಿ ಬಹಳ ಆಳಕ್ಕೆ ಇಳಿದು, ಅಲ್ಲಿನ ಕಾವಿಗೆ ಬಿಸಿಯಾಗಿ ಮತ್ತೆ ಮೇಲೆ ಬರುತ್ತದೆ. ಬುಗ್ಗೆಯ ಬಾಯಿಗೆ ಯಾರೂ ಕೈ ಹಾಕಬಾರದು, ಮಕ್ಕಳ ಕೈ ಬಿಡಲೇಬಾರದು. ಸ್ನಾನದ ಕೊಳದಲ್ಲಿ ತಣ್ಣೀರು ಬೆರೆಸಿರುತ್ತಾರೆ, ಅಲ್ಲಿ ಮಾತ್ರ ಇಳಿಯಿರಿ.

ಆದರೆ ಮನಾಲಿಯಿಂದ ಸುಮಾರು 80 ಕಿ.ಮೀ. ಗುಡ್ಡದ ರಸ್ತೆ, ಮೂರು ತಾಸು ಹಿಡಿಯುತ್ತದೆ. ಅವ್ವನವರನ್ನು ಒಂದೇ ದಿನದಲ್ಲಿ ಕರೆದೊಯ್ದು ವಾಪಸ್ ತಂದರೆ ಸ್ನಾನದ ಸುಖವೆಲ್ಲ ರಸ್ತೆಯಲ್ಲೇ ಕರಗುತ್ತದೆ. ಹೋದರೆ ಒಂದು ರಾತ್ರಿ ಕಸೋಲ್‌ನಲ್ಲಿ ಉಳಿಯಿರಿ, ಅಲ್ಲಿಂದ 4 ಕಿ.ಮೀ. ಅಷ್ಟೇ. ಖೀರಗಂಗಾ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಅದು ಹತ್ತಿ ಹೋಗುವ ಜಾಗ, ಚಳಿಗಾಲದಲ್ಲಿ ದಾರಿಯೇ ಹಿಮ.

ಸುರಪುರದಿಂದ

ಒಂದೇ ಮಾತು. "ಬಿಸಿನೀರಿನ ಬುಗ್ಗೆಯ ಸ್ಪಾ" ಅಂತ ಹೋಟೆಲಿನವರು ಹೇಳಿದರೆ, ನೀರು ಎಲ್ಲಿಂದ ಬರುತ್ತದೆ ಅಂತ ಕೇಳಿ ದುಡ್ಡು ಕೊಡಿ. ನಾವು ಕೇಳದೆ ಕೊಟ್ಟೆವು. ಗೀಸರ್ ನೀರು! ಎಣ್ಣೆ ತಿಕ್ಕುವುದು, ಹಬೆ ಕೋಣೆ ಚೆನ್ನಾಗಿತ್ತು, ಅದು ನಿಜ. ಆದರೆ ನಮಗೆ ಬೇಕಾಗಿದ್ದು ಅದಲ್ಲ.

ಯಾದಗಿರಿಯಿಂದ, ಫಿಸಿಯೋಥೆರಪಿ ಮಾಡುವವಳು

ಅಕ್ಕಾ, ಹೊರಡುವ ಮೊದಲು ಅವ್ವನವರ ಡಾಕ್ಟರಿಗೆ ಒಂದು ಮಾತು ಕೇಳಿ. ಬಿಸಿನೀರಲ್ಲಿ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ. ಮಾತ್ರೆಯೂ ಅದೇ ಕೆಲಸ ಮಾಡುತ್ತಿರುತ್ತದೆ. ಅದಕ್ಕೇ ತಟ್ಟನೆ ಎದ್ದರೆ ತಲೆ ಸುತ್ತು ಬರುವುದು. ಹತ್ತು ನಿಮಿಷ ಸಾಕು. ಏಳುವ ಮೊದಲು ಅಂಚಿನ ಮೇಲೆ ಎರಡು ನಿಮಿಷ ಕೂರಿಸಿ. ಮುಂಚೆ, ಆಮೇಲೆ ನೀರು ಕುಡಿಸಿ, ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ.

ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಸಿ ತಿಳಿಯುವುದಿಲ್ಲ, ಸುಟ್ಟಮೇಲೆ ನೋಡಿಕೊಳ್ಳುತ್ತಾರೆ. ಅಂಥವರು ಪಾದ ಇಡುವ ಮೊದಲು ಬೇರೆಯವರು ಮೊಣಕೈ ಅದ್ದಿ ನೋಡಬೇಕು. ಗಾಯ ಇದ್ದರೆ ಇಳಿಯಲೇಬಾರದು. ಬಿಸಿನೀರು ಸವೆದ ಮೂಳೆಯನ್ನು ಸರಿ ಮಾಡುವುದಿಲ್ಲ, ಬಿಗಿ ಬಿಡಿಸುತ್ತದೆ. ಹಾಗಾಗಿ ಹಗುರಾದ ಆ ಹೊತ್ತಲ್ಲೇ ಕಾಲನ್ನು ನಿಧಾನವಾಗಿ ಹತ್ತು ಸಲ ಮಡಚಿ ಚಾಚಿಸಿ.

ಮಕ್ಕಳ ಬಗ್ಗೆಯೂ ಹೇಳುತ್ತೇನೆ. ಸ್ಕೀ ಕಲಿಯುವಾಗ ತೊಡೆ ಹಿಡಿದುಕೊಂಡರೆ ಬಿಸಿನೀರು ಒಳ್ಳೆಯದು. ಕಾಲು ಉಳುಕಿ ಬಾವು ಬಂದರೆ ಮಾತ್ರ ಮೊದಲ ಎರಡು ದಿನ ಬೇಡ, ಬಾವು ಜಾಸ್ತಿಯಾಗುತ್ತದೆ. ಹಿಮ ಕಾಲ ಕೆಳಗೇ ಇರುತ್ತದೆ, ಅರಿವೆಯಲ್ಲಿ ಸುತ್ತಿ ಇಡಿ.

ಬಸವಕಲ್ಯಾಣದವನು, ಈಗ ಜಪಾನ್‌ನಲ್ಲಿ

ಇಲ್ಲಿ ಸ್ಕೀ ಊರುಗಳಲ್ಲಿ ಬಿಸಿನೀರು ದಿನದ ಬದುಕೇ. ನಾಗಾನೊ ಕಡೆ ನೊಝಾವಾ ಒನ್ಸೆನ್ ಅನ್ನುವ ಹಳ್ಳಿಯಲ್ಲಿ ಊರವರೇ ನೋಡಿಕೊಳ್ಳುವ 13 ಸ್ನಾನದ ಮನೆಗಳಿವೆ. ಮಣಿಕರಣದ ಹಾಗೆ ಅಲ್ಲೂ ಒಂದು ಕುದಿಯುವ ಬುಗ್ಗೆಯಲ್ಲಿ ಊರವರು ಸೊಪ್ಪು, ಮೊಟ್ಟೆ ಬೇಯಿಸುತ್ತಾರೆ. ಮೊದಲು ಹೊರಗೆ ಕೂತು ಮೈ ಪೂರ್ತಿ ತೊಳೆದುಕೊಂಡು, ಆಮೇಲೆ ಹೊಂಡಕ್ಕೆ ಇಳಿಯಬೇಕು. ಒಳಗೆ ಸೋಪು ಇಲ್ಲ, ಬಟ್ಟೆಯೂ ಇಲ್ಲ. ನನಗೆ ಮೊದಲ ಸಲ ಬಹಳ ನಾಚಿಕೆಯಾಗಿತ್ತು. ಆದರೆ ತೊಳೆದು ಇಳಿಯುವ ಪದ್ಧತಿ ನಮ್ಮಲ್ಲೂ ಬಂದರೆ ವಸಿಷ್ಠದ ಹೊಂಡ ಸಂಜೆಗೂ ತಿಳಿಯಾಗಿರುತ್ತದೆ ಅಲ್ವಾ? ಒಂದು ಚೊಂಬು ಒಯ್ಯಿರಿ.

ಕೇಳಿದವರು, ಕಲಬುರಗಿ

ಎಲ್ಲರಿಗೂ ಬಹಳ ಉಪಕಾರವಾಯಿತು. ಮಣಿಕರಣ ಈ ಸಲ ಬಿಟ್ಟೆವು. ಮಕ್ಕಳನ್ನು ಅವರಪ್ಪ ಸೋಲಾಂಗ್‌ಗೆ ಕರೆದೊಯ್ಯಲಿ, ನಾನು ಅವ್ವನ ಜೊತೆ ಎರಡು ಬೆಳಿಗ್ಗೆ ವಸಿಷ್ಠಕ್ಕೆ ಹೋಗುತ್ತೇನೆ. ಡಾಕ್ಟರಿಗೆ ಸೋಮವಾರ ತೋರಿಸುತ್ತೇವೆ. ಇದನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟುವ ಲೆಕ್ಕ ಬಿಟ್ಟು ಈಗ ಒಂದೇ ಕೇಳುತ್ತಿದ್ದಾಳೆ: ಅಲ್ಲಿ ನಮಗೂ ಬಟ್ಟೆ ಒಗೆಯೋಕೆ ಬಿಡ್ತಾರಾ? ಸೇಡಂ ಅಕ್ಕಾ, ಇದಕ್ಕೆ ನೀವೇ ಹೇಳಬೇಕು.