‘ಜಾನಿ ಬಿ. ಗುಡ್’ನಿಂದಲೇ ಶುರು ಮಾಡಬೇಕಾ? ಕಲಿತವರು ಹೇಳಿ

ನಲವತ್ತು ದಾಟಿದ ಮೇಲೆ ಗಿಟಾರ್ ಕ್ಲಾಸ್ ಸೇರಿದ್ದೇನೆ. ಮೂರು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಕೈಗೆ ಬಂತೋ ಇಲ್ಲವೋ, ಮೇಷ್ಟ್ರು ಅಮೆರಿಕದ ರಾಕ್ ಅಂಡ್ ರೋಲ್ ಗಾಯಕ ಚಕ್ ಬೆರಿಯ ‘ಜಾನಿ ಬಿ. ಗುಡ್’ ಹಿಡಿಸಿದರು. 1958ರ ಹಾಡು! ನಮ್ಮಪ್ಪ ಆಗ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದರು. ಇವತ್ತಿಗೂ ಎಲ್ಲರೂ ಇದನ್ನೇ ಯಾಕೆ ನುಡಿಸುತ್ತಾರೆ? ನಿಮ್ಮ ಅನುಭವ ಹೇಳಿ.

ಉತ್ತರ:
ಸರ್, ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ‘ಎ’ ಶ್ರುತಿಯಲ್ಲಿ ಕಲಿತು ರೆಕಾರ್ಡ್ ಜೊತೆ ನುಡಿಸಿದರೆ ಶ್ರುತಿ ಕೂಡುವುದಿಲ್ಲ. ಗಿಟಾರೇ ಕೆಟ್ಟಿದೆ ಅಂತ ನಾನು ಒಂದು ವಾರ ಒದ್ದಾಡಿದ್ದೆ. ಮೂಲ ಹಾಡು ಇರುವುದು ಅದಕ್ಕಿಂತ ಅರ್ಧ ಸ್ವರ ಮೇಲೆ, ಬಿ ಫ್ಲಾಟ್‌ನಲ್ಲಿ. ಮೊದಲ ಫ್ರೆಟ್‌ಗೆ ಕೇಪೊ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಮುಗೀತು. ಶುರುವಿನ ಆ ಫೇಮಸ್ ತುಣುಕಿಗೆ ಹೆದರಬೇಡಿ. ತೋರುಬೆರಳನ್ನು ಸಣ್ಣ ತಂತಿ ಎರಡರ ಮೇಲೂ ಅಡ್ಡ ಮಲಗಿಸಿ ಒಟ್ಟಿಗೆ ಮೀಟಿದರೆ ಅರ್ಧ ಕೆಲಸ ಆಯಿತು. ಕಷ್ಟ ಆಮೇಲೆ. ದಪ್ಪ ತಂತಿಯ ಮೇಲೆ ಕಿರುಬೆರಳು ಚಾಚಿ ತೆಗೆದು, ಚಾಚಿ ತೆಗೆದು, ಎರಡೂವರೆ ನಿಮಿಷ ದಾಟುವಷ್ಟರಲ್ಲಿ ಕೈ ಮರಗಟ್ಟುತ್ತದೆ.

ಇನ್ನೊಬ್ಬರು:
ಬೆರಳಿನ ಮಾತು ಸರಿ. ಆದರೆ ನೋಟ್ಸ್ ಎಲ್ಲ ಬಂದ ಮೇಲೂ ನನಗೆ ಹಾಡು ಬಂದಿರಲಿಲ್ಲ. ಡ್ರಮ್ಸ್ ಬಾರಿಸುವ ಗೆಳೆಯ ಬೈದು ಕೂರಿಸಿ ಕೇಳಿಸಿದ. ಬೆರಿಯ ಗಿಟಾರ್ ಸಮಸಮವಾಗಿ ನೇರ ಓಡುತ್ತದೆ. ಫ್ರೆಡ್ ಬಿಲೋ ಅವರ ಡ್ರಮ್ಸ್ ಮಾತ್ರ ಜಾಝ್‌ನವರ ಹಾಗೆ ತೂಗಿಕೊಂಡು ಬರುತ್ತದೆ. ಎರಡೂ ಪೂರ್ತಿ ಕೂಡುವುದೇ ಇಲ್ಲ. ಮಜಾ ಇರುವುದು ಆ ತಿಕ್ಕಾಟದಲ್ಲೇ. ಅದನ್ನು ತಿದ್ದಿ ನೀಟಾಗಿ ನುಡಿಸಿದರೆ ಹಾಡು ಸಪ್ಪೆ.

ಅಂದಹಾಗೆ, ಶುರುವಿನ ತುಣುಕು ಬೆರಿಯ ಸ್ವಂತದ್ದಲ್ಲ. 1946ರ, ಗಾಯಕ ಲೂಯಿ ಜೋರ್ಡನ್ ಅವರ ರೆಕಾರ್ಡ್ ಒಂದರಲ್ಲಿ ಗಿಟಾರ್ ವಾದಕ ಕಾರ್ಲ್ ಹೋಗನ್ ಹೆಚ್ಚುಕಮ್ಮಿ ಅದನ್ನೇ ನುಡಿಸಿದ್ದರು. ಅಲ್ಲಿ ಅದು ಬಾಗಿಲು ತೆರೆದು ಪಕ್ಕಕ್ಕೆ ಸರಿಯುತ್ತದೆ. ಬೆರಿ ಕೈಯಲ್ಲಿ ಮನೆ ಯಜಮಾನನೇ ಆಗಿದೆ.

ಮತ್ತೊಬ್ಬರು:
ನನಗೆ ಗಿಟಾರ್ ಗೊತ್ತಿಲ್ಲ, ಸುಮ್ನೆ ಕೇಳುವವಳು. ನನ್ನನ್ನು ಹಿಡಿದದ್ದು ಕತೆ. ಜಾನಿ ಅಂತ, ಅಮೆರಿಕದ ಲೂಯಿಸಿಯಾನಾದ ಕಾಡಿನ ಗುಡಿಸಲ ಹುಡುಗ. ಓದು ಬರಹ ಅಷ್ಟಕ್ಕಷ್ಟೆ, ಗಿಟಾರ್ ಮಾತ್ರ ನೀರು ಕುಡಿದಷ್ಟು ಸಲೀಸು. ನೀನು ಮುಂದೆ ದೊಡ್ಡ ಬ್ಯಾಂಡ್ ನಡೆಸುತ್ತೀಯ, ದೂರದೂರಿಂದ ಜನ ಬರುತ್ತಾರೆ ಅಂತ ತಾಯಿ ಹೇಳುತ್ತಾಳೆ. ಬಂದರಾ ಇಲ್ಲವಾ, ಹಾಡು ಬಾಯಿ ಬಿಡುವುದಿಲ್ಲ! ಬೆರಿ ಮೊದಲು ‘ಕಪ್ಪು ಹುಡುಗ’ ಅಂತಲೇ ಬರೆದಿದ್ದರು. ರೇಡಿಯೊದವರು ಹಾಕಲ್ಲ ಅಂತ ‘ಹಳ್ಳಿ ಹುಡುಗ’ ಮಾಡಿದರು. ‘ಗುಡ್’ ಅನ್ನುವುದು ಸೇಂಟ್ ಲೂಯಿಸ್‌ನಲ್ಲಿ ಅವರು ಹುಟ್ಟಿದ ಬೀದಿಯ ಹೆಸರು.

1977ರಲ್ಲಿ ನಾಸಾದ ವಾಯೇಜರ್ ಬಾಹ್ಯಾಕಾಶ ನೌಕೆಗಳ ಜೊತೆ ಕಳಿಸಿದ, ಚಿನ್ನ ಲೇಪಿಸಿದ ಧ್ವನಿ ತಟ್ಟೆಯಲ್ಲೂ ಈ ಹಾಡಿದೆ. ಅದೇ ತಟ್ಟೆಯಲ್ಲಿ ಕನ್ನಡದ ನಮಸ್ಕಾರವೂ ಇದೆ. ಜಾನಿ ನಮಗೆ ಪಕ್ಕದ ಸೀಟಿನವನು, ಅಲ್ವಾ?

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಕೇಪೊ ಹಾಕಿದೆ, ಶ್ರುತಿ ಕೂಡಿತು. ಕಿರುಬೆರಳು ಇನ್ನೂ ಮಾತು ಕೇಳುತ್ತಿಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಂಡು ನುಡಿಸಿ ಅಂದಿದ್ದಾರೆ.